ಬಾವುಗ ಬಂತು, ಗೋಣಿಚೀಲ ಬೇಡ

ಸರಿರಾತ್ರಿಯಲ್ಲಿ ಕಾಂಪೌಂಡಿನ ಮೇಲೆ ಹಸುಗೂಸು ಅತ್ತಂಥ ಸದ್ದು. ಅದಕ್ಕೆ ಉತ್ತರವಾಗಿ ಇನ್ನೊಂದು ಕರ್ಕಶ ಕೂಗು. ಆಮೇಲೆ ಹೂವಿನ ಕುಂಡ ಉರುಳಿದ ಶಬ್ದ. ಬೆಳಗ್ಗೆ ಎದ್ದು ನೋಡಿದರೆ ಸಾಕಿದ ಬೆಕ್ಕು ಮಂಚದ ಕೆಳಗೆ ಮುದುಡಿಕೊಂಡಿದೆ, ಕಿವಿ ಹರಿದಿದೆ, ಬಾಗಿಲ ಚೌಕಟ್ಟಿನಲ್ಲಿ ಸಹಿಸಲಾಗದ ನಾತ. ಜಿಗಣಿಯ ಬಡಾವಣೆಗಳಲ್ಲಿ ಬೆಕ್ಕು ಸಾಕಿದವರಿಗೆ ಇದು ಹೊಸ ಕತೆಯೇನಲ್ಲ. ಬಂದು ಹೋದದ್ದು ಬಾವುಗ. ಗಂಡುಬೆಕ್ಕಿಗೆ ಕನ್ನಡದಲ್ಲಿ ಇಂಥ ಗತ್ತಿನ ಹೆಸರೊಂದುಂಟು. ಈ ಸೀಮೆಯ ಹಳ್ಳಿಗಳಲ್ಲಿ ‘ಗಂಡು ಕೊತ್ತಿ’ ಎಂದರೂ ನಡೆಯುತ್ತದೆ.

ಜಿಗಣಿಯಂಥ ಊರು ಬಾವುಗನಿಗೆ ಹೇಳಿ ಮಾಡಿಸಿದ ಜಾಗ. ಒಂದು ಕಡೆ ಗ್ರಾನೈಟ್ ಕೊಯ್ದು ಹೊಳಪು ಕೊಡುವ ಶೆಡ್ಡುಗಳು. ಚಪ್ಪಡಿಗಳ ಸಂದಿಯಲ್ಲಿ ಹಗಲಿಡೀ ಮಲಗಲು ನೆರಳು. ಇನ್ನೊಂದು ಕಡೆ ಕಾರ್ಖಾನೆಗಳ ಕ್ಯಾಂಟೀನು, ಕೋಳಿ ಅಂಗಡಿ, ಸಾಲು ಸಾಲು ಬಾಡಿಗೆ ಕೋಣೆಗಳು. ರಾಗಿ ಬೆಳೆಯುತ್ತಿದ್ದ ಹೊಲಗಳು ನಿವೇಶನಗಳಾಗಿ, ಒಂದರಲ್ಲಿ ಮನೆ ಎದ್ದರೆ ಪಕ್ಕದ್ದರಲ್ಲಿ ಪಾರ್ಥೇನಿಯಂ ಎದ್ದಿದೆ. ಇಲಿ ಹೆಗ್ಗಣಗಳಿಗೂ ಬರವಿಲ್ಲ. ಊಟ ವಸತಿ ಎರಡೂ ಪುಕ್ಕಟೆ ಸಿಕ್ಕಮೇಲೆ ಗಂಡುಬೆಕ್ಕಿಗೆ ಬೇಕಾದದ್ದು ಇನ್ನೊಂದೇ: ಹೆಣ್ಣುಬೆಕ್ಕು. ಅದು ಮನೆಗಳ ಒಳಗಿದೆ.

ಬಾವುಗನ ಪುಂಡಾಟವನ್ನು ಹಗೆ ಎಂದು ತಿಳಿಯುವವರೇ ಹೆಚ್ಚು. ಅದರಲ್ಲಿ ಹಗೆ ಕಡಿಮೆ, ಹಾರ್ಮೋನು ಜಾಸ್ತಿ. ಪ್ರೌಢಶಾಲೆಯ ಮಕ್ಕಳು ನಿರ್ನಾಳ ಗ್ರಂಥಿಗಳ ಪಾಠ ಓದಿರುತ್ತಾರೆ. ಅಲ್ಲಿ ವೃಷಣದ ಎದುರು ‘ಟೆಸ್ಟೊಸ್ಟೆರೋನ್’ ಎಂದು ಬರೆದು ಒಂದು ಅಂಕ ಗಿಟ್ಟಿಸಿ ಮುಂದೆ ಹೋಗುವುದು ರೂಢಿ. ಆ ಒಂದು ಅಂಕದ ಹಾರ್ಮೋನು ಬೆಕ್ಕಿನ ಮೈಯಲ್ಲಿ ಏನೆಲ್ಲ ಮಾಡುತ್ತದೆಂದು ಬಾವುಗನ ಮುಖ ನೋಡಿದರೇ ತಿಳಿಯುತ್ತದೆ. ಕೆನ್ನೆಗಳೆರಡೂ ಊದಿಕೊಂಡು ತಲೆ ದಪ್ಪಗೆ ಕಾಣುತ್ತದಲ್ಲ, ಅದು ಬರೀ ಕೊಬ್ಬಲ್ಲ. ಎದುರಾಳಿ ಕಚ್ಚುವುದು ಅಲ್ಲಿಗೇ ಆದ್ದರಿಂದ ಅಲ್ಲಿನ ಚರ್ಮ ದಪ್ಪಗಾಗಿ ಗುರಾಣಿಯ ಕೆಲಸ ಮಾಡುತ್ತದೆ. ಅದೇ ಹಾರ್ಮೋನು ಅದನ್ನು ದೂರ ದೂರ ಅಲೆಸುತ್ತದೆ. ಗಂಡಿನ ತಿರುಗಾಟದ ಸೀಮೆ ಹೆಣ್ಣಿನದಕ್ಕಿಂತ ಹಲವು ಪಟ್ಟು ದೊಡ್ಡದು. ಆ ಸೀಮೆಯೊಳಗೆ ಇನ್ನೊಂದು ಗಂಡು ಕಂಡರೆ ಜಗಳ. ಹೆಣ್ಣು ಬೆದೆಗೆ ಬಂದರೆ ಹಾಜರಿ.

ಬೆದೆಯ ವಿಷಯದಲ್ಲಿ ನಮ್ಮ ನಾಡಿಗೂ ಚಳಿದೇಶಗಳಿಗೂ ಒಂದು ಸ್ವಾರಸ್ಯಕರ ವ್ಯತ್ಯಾಸವಿದೆ. ಹೆಣ್ಣುಬೆಕ್ಕು ಬೆದೆಗೆ ಬರುವುದು ಹಗಲಿನ ಉದ್ದವನ್ನು ಅವಲಂಬಿಸಿದೆ. ಲಂಡನ್ನಿನಲ್ಲಿ ಬೇಸಗೆಯ ಅತಿ ದೀರ್ಘ ಹಗಲಿಗೂ ಚಳಿಗಾಲದ ಅತಿ ಚಿಕ್ಕ ಹಗಲಿಗೂ ಒಂಬತ್ತು ಗಂಟೆಯಷ್ಟು ಅಂತರ. ಅಲ್ಲಿ ಚಳಿಗಾಲದಲ್ಲಿ ಬೆಕ್ಕಿನ ಸಂಸಾರಕ್ಕೆ ರಜೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದ ಜಿಗಣಿಯಲ್ಲಿ ಆ ಅಂತರ ಒಂದೂವರೆ ಗಂಟೆ ಮಾತ್ರ. ಹೀಗಾಗಿ ಇಲ್ಲಿ ರಜೆ ಎನ್ನುವುದೇ ಇಲ್ಲ. ಸಾಲದ್ದಕ್ಕೆ ಹೆಣ್ಣುಬೆಕ್ಕಿನಲ್ಲಿ ಅಂಡ ಬಿಡುಗಡೆಯಾಗಬೇಕಾದರೆ ಸಾಮಾನ್ಯವಾಗಿ ಕೂಡಿಕೆ ನಡೆಯಬೇಕು. ಕೂಡದಿದ್ದರೆ ಬೆದೆ ಇಳಿದು ಎರಡು ಮೂರು ವಾರದಲ್ಲಿ ಮತ್ತೆ ಬರುತ್ತದೆ. ‘ನಮ್ಮ ಬೆಕ್ಕು ಒಳಗೇ ಇರುತ್ತೆ, ಅದಕ್ಕೇಕೆ ಆಪರೇಷನ್ನು’ ಎನ್ನುವವರು ಇದನ್ನು ಗಮನಿಸಬೇಕು. ಒಳಗಿದ್ದ ಬೆಕ್ಕಿನ ಕೂಗೂ ವಾಸನೆಯೂ ಕಿಟಕಿ ದಾಟಿ ಹೊರಗೆ ಹೋಗುತ್ತವೆ. ಬಾವುಗನಿಗೆ ಆಮಂತ್ರಣ ಹೋಗುವುದು ಮನೆಯೊಳಗಿಂದಲೇ.

ಮರಿಗಳ ಪಾಲಿಗಂತೂ ಬಾವುಗ ಯಮ. ಬೆಕ್ಕು ಮರಿಗಳನ್ನು ಕಚ್ಚಿಕೊಂಡು ಏಳು ಮನೆ ಸುತ್ತಿಸುತ್ತದೆ ಎಂದು ಹಿರಿಯರು ಹೇಳುವುದುಂಟು. ಏಳು ಎಂಬ ಲೆಕ್ಕ ಮಾತಿನ ಚಂದಕ್ಕೆ. ಜಾಗ ಬದಲಿಸುವುದು ಮಾತ್ರ ನಿಜ, ಅದಕ್ಕೆ ಗಂಡಿನ ಭಯವೂ ಒಂದು ಕಾರಣ. ಹಾಲೂಡುವ ತಾಯಿ ಸಾಮಾನ್ಯವಾಗಿ ಬೇಗ ಬೆದೆಗೆ ಬರುವುದಿಲ್ಲ. ಮರಿಗಳು ಸತ್ತರೆ ಬರುತ್ತದೆ. ಹೊಸ ಗಂಡಿಗೆ ಅದೇ ಲಾಭ. ಆಫ್ರಿಕದ ಸೆರೆಂಗೆಟಿಯಲ್ಲಿ ಸಿಂಹಗಳ ಗುಂಪನ್ನು ವಶಪಡಿಸಿಕೊಂಡ ಹೊಸ ಗಂಡುಗಳು ಹಳೆಯ ಗಂಡಿನ ಮರಿಗಳನ್ನು ಕೊಲ್ಲುವುದನ್ನು ಪ್ರಾಣಿಶಾಸ್ತ್ರಜ್ಞರು ಬಹಳ ವರ್ಷಗಳಿಂದ ಕಂಡಿದ್ದಾರೆ. ಕೇಳಲು ಕ್ರೂರ. ಆದರೆ ಇದರಲ್ಲಿ ಪಾಪ ಪುಣ್ಯ ಹುಡುಕಿ ಪ್ರಯೋಜನವಿಲ್ಲ. ಬಾಣಂತಿ ಬೆಕ್ಕಿಗೆ ಬಾಗಿಲು ಭದ್ರವಾಗಿ ಮುಚ್ಚುವ ಒಂದು ಕೋಣೆಯೋ ಸ್ಟೋರ್ ರೂಮೋ ಕೊಟ್ಟರೆ ಸಾಕು.

ಇನ್ನು ಆ ನಾತದ ವಿಚಾರ. ಆರೋಗ್ಯವಂತ ಮನುಷ್ಯನ ಮೂತ್ರದಲ್ಲಿ ಪ್ರೋಟೀನು ಹೆಚ್ಚು ಕಂಡರೆ ಡಾಕ್ಟರರು ಮೂತ್ರಪಿಂಡದ ಕಡೆ ಬೆರಳು ತೋರಿಸುತ್ತಾರೆ. ಬೆಕ್ಕಿನ ಮೂತ್ರದಲ್ಲಿ ಪ್ರೋಟೀನು ಇರುವುದು ಸಹಜ. ಇದೇಕೆ ಹೀಗೆ ಎಂದು ಬೆನ್ನುಹತ್ತಿದವರು ಜಪಾನಿನ ಮಸಾವೋ ಮಿಯಝಾಕಿ ಮತ್ತು ಸಂಗಡಿಗರು. ಬೆಕ್ಕಿನ ಮೂತ್ರಪಿಂಡವೇ ತಯಾರಿಸಿ ಹೊರಬಿಡುವ ಆ ಪ್ರೋಟೀನಿಗೆ ಅವರು ‘ಕಾಕ್ಸಿನ್’ ಎಂದು ಹೆಸರಿಟ್ಟರು. ಅದು ಒಂದು ಕಿಣ್ವ, ‘ಫೆಲಿನಿನ್’ ಎಂಬ ಗಂಧಕಯುಕ್ತ ಅಮೈನೋ ಆಮ್ಲವನ್ನು ಉತ್ಪಾದಿಸುವುದು ಅದರ ಕೆಲಸ ಎಂದು 2006ರಲ್ಲಿ ತೋರಿಸಿಕೊಟ್ಟರು. ಫೆಲಿನಿನ್‌ಗೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಅದು ನಿಧಾನವಾಗಿ ಒಡೆದಾಗ ಹುಟ್ಟುವ ಗಂಧಕದ ಸಂಯುಕ್ತಗಳಿಗೆ ಆ ನಾತ. ಸಿಂಪಡಿಸಿ ಹೋದ ಬಾವುಗ ಇನ್ನೊಂದು ಬೀದಿ ಸೇರಿದರೂ ಬಾಗಿಲ ಬಳಿ ಅದರ ಹಾಜರಿ ಉಳಿದಿರುವುದು ಹೀಗೆ. ಬೀಜ ತೆಗೆಯದ ಗಂಡಿನ ಮೂತ್ರದಲ್ಲಿ ಫೆಲಿನಿನ್ ಬಹಳ. ಹೆಣ್ಣಿನಲ್ಲಿ, ಬೀಜ ತೆಗೆದ ಗಂಡಿನಲ್ಲಿ ಕಡಿಮೆ. ಗಂಧಕ ಬರುವುದು ಮಾಂಸದಿಂದ. ಚೆನ್ನಾಗಿ ತಿಂದುಂಡ ಗಂಡಿಗೆ ಗಾಢ ವಾಸನೆ! ಮನುಷ್ಯರ ಮೂಗಿಗೆ ಹೇಸಿಗೆಯಾದದ್ದು ಬೆಕ್ಕಿನ ಲೋಕದಲ್ಲಿ ಪರಿಚಯಪತ್ರ.

ಈ ನಾತವನ್ನು ತೊಳೆಯುವ ಭರದಲ್ಲೇ ಹಲವು ಮನೆಗಳಲ್ಲಿ ಅನಾಹುತವಾಗುವುದು. ಮೊದಲು ಕೈಗೆ ಸಿಗುವುದು ಫಿನಾಯಿಲ್. ಫೀನಾಲ್ ಜಾತಿಯ ವಸ್ತುಗಳನ್ನು ಮನುಷ್ಯನ ಯಕೃತ್ತು ಒಂದು ಸಕ್ಕರೆ ಅಣುವಿನೊಡನೆ ಜೋಡಿಸಿ, ನಿರಪಾಯಗೊಳಿಸಿ, ಮೂತ್ರದಲ್ಲಿ ಕಳಿಸಿಬಿಡುತ್ತದೆ. ಆ ಜೋಡಣೆಗೆ ಬೇಕಾದ ಒಂದು ಮುಖ್ಯ ಕಿಣ್ವದ ಜೀನು ಬೆಕ್ಕಿನಲ್ಲಿ ಕೆಟ್ಟು ನಿಂತಿದೆ ಎಂಬುದನ್ನು ಅಮೆರಿಕದ ಮೈಕೆಲ್ ಕೋರ್ಟ್ ಮತ್ತು ಡೇವಿಡ್ ಗ್ರೀನ್‌ಬ್ಲಾಟ್ 2000ದಲ್ಲಿ ಪ್ರಕಟಿಸಿದರು. ಮಾಂಸವನ್ನೇ ತಿಂದು ಬದುಕುವ ಪ್ರಾಣಿಗೆ ಗಿಡಮರಗಳ ವಿಷ ಕಳೆಯುವ ಅಗತ್ಯ ಬೀಳದೆ ಆ ಜೀನು ಮೂಲೆಗುಂಪಾಗಿರಬೇಕು ಎಂದು ವಿಜ್ಞಾನಿಗಳ ಊಹೆ. ಫಿನಾಯಿಲ್ ಹಾಕಿ ಒರೆಸಿದ ನೆಲದ ಮೇಲೆ ಬೆಕ್ಕು ನಡೆಯುತ್ತದೆ, ಆಮೇಲೆ ಅಂಗಾಲು ನೆಕ್ಕುತ್ತದೆ. ಬಾವುಗನಿಗೆಂದು ಹಾಕಿದ್ದು ಮನೆಯ ಬೆಕ್ಕಿನ ಹೊಟ್ಟೆ ಸೇರುತ್ತದೆ. ಕಿಟಕಿಯಲ್ಲಿಡುವ ನುಸಿಗುಳಿಗೆಯೂ, ಅಂದರೆ ನ್ಯಾಫ್ತಲೀನ್ ಉಂಡೆಯೂ, ಬೆಕ್ಕಿಗೆ ವಿಷವೇ. ಬಟ್ಟೆ ಒಗೆಯುವ ಪುಡಿ ಕದಡಿದ ನೀರಿನಲ್ಲಿ ಎರಡು ಮೂರು ಸಲ ಉಜ್ಜಿ, ಚೆನ್ನಾಗಿ ತೊಳೆದು, ಬಿಸಿಲಿಗೆ ಒಣಗಿಸುವುದೇ ಸರಿ.

ಇದೇ ಕಿಣ್ವದ ಕೊರತೆಯಿಂದ ಇನ್ನೊಂದು ಅಪಾಯ. ಕಚ್ಚಿಸಿಕೊಂಡ ಬೆಕ್ಕಿಗೆ ಮೈ ಬಿಸಿಯಾದಾಗ, ಮಗುವಿಗೆ ಕೊಟ್ಟಂತೆ ಇದಕ್ಕೂ ಎಂದು ಪ್ಯಾರಾಸಿಟಮಾಲ್ ಪುಡಿಮಾಡಿ ಹಾಲಿನಲ್ಲಿ ಕೊಡುವವರಿದ್ದಾರೆ. 500 ಮಿಲಿಗ್ರಾಮಿನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ. ಬೆಕ್ಕು ಸತ್ತಮೇಲೆ ಅಪವಾದ ಮಾತ್ರ ಬಾವುಗನ ತಲೆಗೆ.

ಕಚ್ಚಿದ ಗಾಯ ಮೋಸದ ಗಾಯ. ಬೆಕ್ಕಿನ ಕೋರೆಹಲ್ಲು ಸೂಜಿಯಂತೆ ಆಳಕ್ಕಿಳಿದು ಬಾಯಿಯ ಬ್ಯಾಕ್ಟೀರಿಯಾಗಳನ್ನು ಅಲ್ಲಿ ಬಿತ್ತಿ ಬರುತ್ತದೆ. ಮೇಲಿನ ಚರ್ಮ ಬೇಗ ಕೂಡಿಕೊಳ್ಳುತ್ತದೆ, ರೋಮದಡಿ ಏನೂ ಕಾಣುವುದಿಲ್ಲ. ಎರಡು ಮೂರು ದಿನ ಕಳೆದು ಬೆಕ್ಕು ಊಟ ಬಿಟ್ಟಾಗ ಒಳಗೆ ಕೀವು ಕಟ್ಟಿರುತ್ತದೆ. ಜಗಳ ನಡೆದ ಮರುದಿನವೇ ಮೈಯೆಲ್ಲ ತಡವಿ ನೋಡಿ, ಊತ ಸಿಕ್ಕಿದರೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಕಚ್ಚುವುದರಿಂದಲೇ ಮುಖ್ಯವಾಗಿ ಹರಡುವ ಒಂದು ವೈರಸ್ಸೂ ಉಂಟು, ಎಫ್.ಐ.ವಿ. ಎಂದು ಹೆಸರು. 1986ರಲ್ಲಿ ಕ್ಯಾಲಿಫೋರ್ನಿಯದಲ್ಲಿ ನೀಲ್ಸ್ ಪೆಡರ್ಸನ್ ಮತ್ತು ಜಾನೆಟ್ ಯಮಾಮೊಟೊ ಅದನ್ನು ಪತ್ತೆ ಮಾಡಿದರು. ಮನುಷ್ಯರ ಏಡ್ಸ್ ವೈರಸ್ಸಿನ ದೂರದ ನೆಂಟ, ಮನುಷ್ಯರಿಗೆ ಅಂಟುವುದಿಲ್ಲ. ಅಲೆದಾಡಿ ಕಾದಾಡುವ ಗಂಡುಗಳಲ್ಲೇ ಹೆಚ್ಚು.

ಮನುಷ್ಯರಿಗೆ ಅಂಟುವುದು ರೇಬಿಸ್. ಅದು ನಾಯಿಯೊಂದರ ಸ್ವತ್ತಲ್ಲ, ಬೆಕ್ಕಿನಿಂದಲೂ ಬರುತ್ತದೆ. ಬೆಕ್ಕು ಕಚ್ಚಿದರೆ, ಪರಚಿದರೆ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಮಕ್ಕಳು ಅಮ್ಮ ಬೈಯುತ್ತಾಳೆಂದು ಬೆಕ್ಕಿನ ಗಾಯ ಮುಚ್ಚಿಡುವುದುಂಟು. ಬೈಗುಳ ಒಂದು ದಿನದ್ದು. ಹೇಳಿಬಿಡಬೇಕು.

ಕಾದಾಟದ ನಡುವೆ ಕೈ ಹಾಕಬಾರದು ಎನ್ನುವುದಕ್ಕೆ ವಿಜ್ಞಾನದ ಇತಿಹಾಸದಲ್ಲೇ ಒಂದು ಒಳ್ಳೆಯ ಆಧಾರವಿದೆ. 1911ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾನನ್, ಬೆಕ್ಕಿನ ಎದುರು ನಾಯಿಯನ್ನು ಬೊಗಳಿಸಿ ಆ ಬಳಿಕ ಅದರ ರಕ್ತ ಪರೀಕ್ಷಿಸಿದರು. ಶಾಂತವಾಗಿದ್ದಾಗ ಕಾಣದಿದ್ದ ಅಡ್ರಿನಲಿನ್ ಹೆದರಿದ ಬೆಕ್ಕಿನ ರಕ್ತದಲ್ಲಿ ಸಿಕ್ಕಿತು. ‘ಹೋರಾಡು ಇಲ್ಲವೇ ಓಡು’ ಎಂದು ಇಂದು ಪಠ್ಯಪುಸ್ತಕಗಳಲ್ಲಿ ಬರುವ ವಿಚಾರ ಬೆಳೆದದ್ದು ಇಂಥ ಪ್ರಯೋಗಗಳಿಂದ. ರೋಮ ನೆಟ್ಟಗಾಗಿ, ಪಾಪೆ ಅಗಲವಾಗಿ ನಿಂತ ಬೆಕ್ಕಿಗೆ ಯಜಮಾನನ ಕೈಗೂ ಎದುರಾಳಿಯ ಮೈಗೂ ವ್ಯತ್ಯಾಸ ತಿಳಿಯದು. ಜೋರಾಗಿ ತಟ್ಟೆ ಬಡಿಯಬೇಕು, ಇಲ್ಲವೇ ಒಂದು ಚೊಂಬು ತಣ್ಣೀರು ಎರಚಬೇಕು. ಬಿಸಿನೀರಲ್ಲ, ತಣ್ಣೀರು. ಬಿಸಿನೀರು ಎರಚುವುದು, ವಿಷ ಇಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಅಪರಾಧ. ಅಪರಾಧವಲ್ಲದಿದ್ದರೂ ಮಕ್ಕಳೆದುರು ಮಾಡುವ ಕೆಲಸವಲ್ಲ.

ಎರಡು ಬೆಕ್ಕು ಸಾಕಿದ ಮನೆಗಳಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. ಕಿಟಕಿಯಾಚೆ ಬಾವುಗ ಕೂತಿದೆ. ಒಳಗಿನ ಬೆಕ್ಕು ಅದನ್ನು ನೋಡಿ ಕೆರಳುತ್ತದೆ, ಗಾಜು ಅಡ್ಡ. ಆ ಹೊತ್ತಿಗೆ ಪಕ್ಕದಲ್ಲಿ ಸುಳಿದ ಜೊತೆಗಾರ ಬೆಕ್ಕಿನ ಮೇಲೆ ಎರಗುತ್ತದೆ. ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದವು ವಾರಗಟ್ಟಲೆ ಶತ್ರುಗಳಾಗುವುದುಂಟು. ‘ಯಾರೋ ಮಾಟ ಮಾಡಿಸಿದ್ದಾರೆ’ ಎಂದವರೂ ಇದ್ದಾರು! ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಟ್ಟು, ಪೂರ್ತಿ ತಣ್ಣಗಾದಮೇಲೆ ಊಟದ ಹೊತ್ತಿನಲ್ಲಿ ದೂರದಿಂದ ಮುಖ ತೋರಿಸಿ ಹತ್ತಿರ ತರಬೇಕು. ಕಿಟಕಿಯ ಕೆಳಭಾಗದ ಗಾಜಿಗೆ ಹಳೆಯ ಕ್ಯಾಲೆಂಡರಿನ ಹಾಳೆ ಅಂಟಿಸಿದರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

ಇಷ್ಟಾದ ಮೇಲೂ ಅನೇಕರ ಕೊನೆಯ ಅಸ್ತ್ರ ಗೋಣಿಚೀಲ. ಹೇಗೋ ಹಿಡಿದು, ಚೀಲದ ಬಾಯಿ ಕಟ್ಟಿ, ಬೈಕಿನ ಮೇಲಿಟ್ಟು ಊರಾಚೆ ಬಿಟ್ಟುಬರುವುದು. ಕೊಂದಿಲ್ಲವಲ್ಲ ಎಂಬ ಸಮಾಧಾನ ಬೇರೆ. ಬೇರೆ ಊರುಗಳಲ್ಲಿ ಊರಾಚೆ ಎಂದರೆ ಕೆರೆಯೋ ಬಯಲೋ. ಜಿಗಣಿಯಲ್ಲಿ ಊರಾಚೆ ಎಂದರೆ ಪಶ್ಚಿಮಕ್ಕೆ ಬನ್ನೇರುಘಟ್ಟ, 1974ರಲ್ಲಿ ಘೋಷಿತವಾದ ರಾಷ್ಟ್ರೀಯ ಉದ್ಯಾನ. ‘ಕಾಡಿನ ಪ್ರಾಣಿ ಕಾಡಿಗೆ ಸೇರಲಿ’ ಎಂದು ಹೇಳುವುದು ಸುಲಭ. ಆದರೆ ಸಾಕುಬೆಕ್ಕು ಈ ಕಾಡಿನ ಪ್ರಾಣಿಯಲ್ಲ. ಅದರ ಪೂರ್ವಜ ಪಶ್ಚಿಮ ಏಷ್ಯದ ಕಾಡುಬೆಕ್ಕು ಎಂದು 2007ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನ ತೋರಿಸಿದೆ. ಹಗೇವುಗಳ ಇಲಿಗಳನ್ನು ಹುಡುಕಿಕೊಂಡು ಅದು ಮನುಷ್ಯನ ಬಳಿ ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷಗಳ ಹಿಂದೆ ಮನುಷ್ಯನೊಬ್ಬನ ಪಕ್ಕದಲ್ಲೇ ಹೂಳಿದ ಬೆಕ್ಕಿನ ಅಸ್ಥಿ ಸಿಕ್ಕಿದೆ. ಇಷ್ಟು ಹಳೆಯ ಒಡನಾಡಿಯನ್ನು ಬನ್ನೇರುಘಟ್ಟದ ಅಂಚಿನಲ್ಲಿ ಬಿಟ್ಟರೆ ಒಂದೋ ಅದು ಚಿರತೆಯ ತುತ್ತು, ಇಲ್ಲವೇ ಹಕ್ಕಿ ಓತಿಗಳಿಗೆ ಮೃತ್ಯು.

ಅದಕ್ಕಿಂತ ದೊಡ್ಡ ಭಯ ಕಣ್ಣಿಗೆ ಕಾಣದ್ದು. 2023ರ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ಏಳು ಚಿರತೆ ಮರಿಗಳು ಒಂದರ ಹಿಂದೊಂದು ಸತ್ತವು. ಲಸಿಕೆ ಹಾಕಿಸಿದ ಮರಿಗಳು. ಕೊಂದದ್ದು ಫೆಲೈನ್ ಪ್ಯಾನ್‌ಲ್ಯುಕೋಪೀನಿಯಾ, ರಕ್ತದ ಬಿಳಿಕಣಗಳನ್ನೂ ಕರುಳಿನ ಒಳಪದರವನ್ನೂ ಹಾಳುಮಾಡುವ ವೈರಸ್ ರೋಗ. ಜಿಗಣಿಯ ಬೀದಿಬೆಕ್ಕಿಗೂ ಬನ್ನೇರುಘಟ್ಟದ ಚಿರತೆಗೂ ಅದು ಸಮಾನ ಶತ್ರು. ಆ ಸಲ ಸೋಂಕು ಬೀದಿಬೆಕ್ಕಿನಿಂದಲೇ ಹೋಯಿತು ಎಂದು ಹೇಳುವಂತಿಲ್ಲ. ಸಾಕ್ಷಿಯಿಲ್ಲದೆ ಬೆಕ್ಕನ್ನು ಕಟಕಟೆಗೆ ಎಳೆಯುವುದು ತರವಲ್ಲ. ಆದರೆ ಆ ವೈರಸ್ಸು ಹೊರಗಿನ ನೆಲದಲ್ಲಿ ತಿಂಗಳುಗಟ್ಟಲೆ ಜೀವಂತವಿರಬಲ್ಲದು, ಮನುಷ್ಯರ ಚಪ್ಪಲಿ ಬಟ್ಟೆಗಳಲ್ಲಿ ಸವಾರಿ ಮಾಡಬಲ್ಲದು. ಗೋಣಿಚೀಲ ಹೊತ್ತು ಹೋದವರು ಬೆಕ್ಕನ್ನು ಮಾತ್ರ ಬಿಟ್ಟು ಬರುವುದಿಲ್ಲ.

ಸಾಕುಬೆಕ್ಕಿನ ರೋಗ ಕಾಡಿನ ದೊಡ್ಡಬೆಕ್ಕಿಗೆ ದಾಟಿದ್ದಕ್ಕೆ ಬೇರೆಡೆ ಸಾಕ್ಷಿಯಿದೆ. ಅಮೆರಿಕದ ಫ್ಲಾರಿಡದಲ್ಲಿ ಅಳಿವಿನ ಅಂಚಿನಲ್ಲಿದ್ದ ಪ್ಯಾಂಥರ್‌ಗಳಲ್ಲಿ 2002ರಿಂದ 2004ರ ನಡುವೆ ಬೆಕ್ಕಿನ ರಕ್ತಕ್ಯಾನ್ಸರ್ ವೈರಸ್ ಕಾಣಿಸಿಕೊಂಡಿತು. ಐದಕ್ಕೆ ತೀವ್ರ ಸೋಂಕು ತಗುಲಿತು. ಮೂರರ ಸಾವಿಗೆ ಅದೇ ಕಾರಣವೆಂದು ತಜ್ಞರು ತೀರ್ಮಾನಿಸಿದರು. ವೈರಸ್ಸಿನ ಕುಲ ಹುಡುಕಿದಾಗ ಮೂಲ ಸಾಕುಬೆಕ್ಕಿನಲ್ಲಿ ಸಿಕ್ಕಿತು. ಬನ್ನೇರುಘಟ್ಟದ ಸುತ್ತಲೂ ಕಾಡಿಗೂ ಊರಿಗೂ ನಡುವೆ ಗೋಡೆಯೇನಿಲ್ಲ. 2023ರಲ್ಲಿ ಚಿರತೆಯೊಂದು ಕೂಡ್ಲು ಗೇಟ್‌ವರೆಗೆ ಬಂದಿತ್ತು. ಅವು ಬರುವುದು ನಿಲ್ಲಿಸುವುದು ಬೆಕ್ಕು ಸಾಕಿದವರ ಕೈಲಿಲ್ಲ, ಬೆಕ್ಕನ್ನು ಅತ್ತ ಒಯ್ಯದಿರುವುದು ಇದೆ.

ಇಷ್ಟೆಲ್ಲ ಮಾಡಿ ಗೋಣಿಚೀಲದಿಂದ ಸಿಗುವ ಫಲವೇನು? ಹತ್ತಿರ ಬಿಟ್ಟರೆ ಬಾವುಗ ಹಿಂದಿರುಗಿ ಬರುತ್ತದೆ. ದೂರ ಬಿಟ್ಟರೆ ಅದರ ಜಾಗ ಖಾಲಿ. ಕೋಳಿ ಅಂಗಡಿ ಅಲ್ಲೇ ಇದೆ, ಬೆದೆಯ ಬೆಕ್ಕು ಕಿಟಕಿಯೊಳಗೇ ಇದೆ. ಇನ್ನೊಂದು ಗಂಡು ಬಂದು ಕೂರಲು ಅಷ್ಟು ಸಾಕು. ಅದೂ ಹೊಸದಾಗಿ ಎಲ್ಲರೊಡನೆ ಜಗಳ ತೆಗೆದು ತನ್ನ ಸ್ಥಾನ ಗಟ್ಟಿಮಾಡಿಕೊಳ್ಳಬೇಕು. ಹಳಬರ ನಡುವೆ ಒಂದು ಬಗೆಯ ಒಪ್ಪಂದ ಇರುತ್ತದೆ. ಬೆಕ್ಕುಗಳು ಒಂದೇ ದಾರಿಯನ್ನು ಬೇರೆ ಬೇರೆ ಹೊತ್ತಿನಲ್ಲಿ ಹಂಚಿಕೊಂಡು ಬಳಸುವುದನ್ನು ಜರ್ಮನಿಯ ಪಾಲ್ ಲೈಹೌಸೆನ್ 1950ರ ದಶಕದಲ್ಲೇ ಗಮನಿಸಿದ್ದರು. ಹೊಸಬನಿಗೆ ಆ ವೇಳಾಪಟ್ಟಿ ಗೊತ್ತಿಲ್ಲ.

ಫಲ ಕೊಡುವುದು ಶಸ್ತ್ರಚಿಕಿತ್ಸೆ. ಬೆಂಜಮಿನ್ ಹಾರ್ಟ್ ಮತ್ತು ಬ್ಯಾರೆಟ್ ಕ್ಯಾಲಿಫೋರ್ನಿಯದಲ್ಲಿ ನಡೆಸಿ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡವಾದ ಮೇಲೆ ಬೀಜ ತೆಗೆಸಿದ ಗಂಡುಬೆಕ್ಕುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತರಲ್ಲಿ ಅಲೆದಾಟ, ಕಾದಾಟ, ಸಿಂಪಡಣೆ ತಗ್ಗಿದ್ದವು. ಕೆಲವು ಬೇಗ, ಕೆಲವು ತಿಂಗಳುಗಳ ಮೇಲೆ. ಹಾರ್ಮೋನು ಬೇಗ ಇಳಿದರೂ ಅಭ್ಯಾಸ ಇಳಿಯಲು ಸಮಯ ಬೇಕು. ಅಷ್ಟು ತಾಳ್ಮೆ ಇರಬೇಕು. ಗಂಡಿನಲ್ಲಿ ಇದು ಹೊಟ್ಟೆ ಕೊಯ್ಯುವ ಆಪರೇಷನ್ನೂ ಅಲ್ಲ, ಅರಿವಳಿಕೆ ಕೊಟ್ಟಮೇಲೆ ಕೆಲವೇ ನಿಮಿಷದ ಕೆಲಸ.

ಹಿಡಿಯುವುದೇ ಕಷ್ಟದ ಭಾಗ. ‘ಬೆಕ್ಕಿಗೆ ಗಂಟೆ ಕಟ್ಟುವವರು ಯಾರು’ ಎಂಬ ಗಾದೆ ಇಲಿಗಳದ್ದು. ಇಲ್ಲಿ ಕಟ್ಟಬೇಕಾದವರು ಮನುಷ್ಯರು. ನಾಲ್ಕೈದು ದಿನ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಊಟವಿಟ್ಟರೆ ಬಾವುಗ ಗಡಿಯಾರದಂತೆ ಬರತೊಡಗುತ್ತದೆ. ಆಮೇಲೆ ಊಟವನ್ನು ಬೋನಿನೊಳಗೆ ಇಡುವುದು. ಬಿದ್ದ ಕೂಡಲೇ ಬೋನಿನ ಮೇಲೆ ಬಟ್ಟೆ ಹೊದಿಸಿದರೆ ಕತ್ತಲಲ್ಲಿ ಅದು ಸುಮ್ಮನಾಗುತ್ತದೆ. ಬರಿಗೈ ಹಾಕುವ ಶೌರ್ಯ ಯಾರೂ ತೋರಬಾರದು, ಮಕ್ಕಳಂತೂ ಬೋನಿನ ಹತ್ತಿರ ಬೆರಳೂ ಒಯ್ಯಬಾರದು. ಹತ್ತಿರದ ಪಶುವೈದ್ಯರನ್ನು ಮೊದಲೇ ಕಂಡು ದಿನ ಗೊತ್ತುಮಾಡಿಕೊಂಡಿರಬೇಕು. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ ನಿಜ, ಆದರೆ ಜಿಗಣಿಯಿಂದ ಅಲ್ಲಿಗೆ ಬೋನು ಹೊತ್ತು ಹೋಗುವುದೆಂದರೆ ಬೆಂಗಳೂರನ್ನು ಆ ತುದಿಯಿಂದ ಈ ತುದಿಗೆ ಸೀಳಿದಂತೆ. 1991ರಲ್ಲಿ ಆರಂಭವಾದ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗಳನ್ನೂ ವಿಚಾರಿಸಬಹುದು. ಖರ್ಚನ್ನು ಬೀದಿಯ ನಾಲ್ಕು ಮನೆಯವರು ಹಂಚಿಕೊಂಡರೆ ಹೊರೆಯಾಗದು. ಬಾವುಗ ಹೇಗೂ ನಾಲ್ಕೂ ಮನೆಗೆ ಸೇರಿದವನೇ. ಅದೇ ದಿನ ರೇಬಿಸ್ ಲಸಿಕೆಯನ್ನೂ ಹಾಕಿಸುವುದು ಜಾಣತನ.

ಮನೆಯ ಬೆಕ್ಕುಗಳಿಗೂ ಶಸ್ತ್ರಚಿಕಿತ್ಸೆಯಾಗದೆ ಇಷ್ಟೂ ವ್ಯರ್ಥ. ಐದಾರು ತಿಂಗಳ ಮರಿಯೇ ಗರ್ಭ ಧರಿಸಬಲ್ಲದು, ಒಂಬತ್ತು ವಾರಕ್ಕೆ ಈಯುತ್ತದೆ. ಸಂಜೆಯಾದಮೇಲೆ ಬೆಕ್ಕುಗಳನ್ನು ಒಳಗೇ ಇರಿಸಿ, ತಟ್ಟೆಯನ್ನು ಹೊರಗೆ ಬಿಡದೆ, ಮೀನು ತೊಳೆದ ನೀರನ್ನು ಬಾಗಿಲಲ್ಲೇ ಚೆಲ್ಲದಿದ್ದರೆ ಬಾವುಗನಿಗೆ ಆ ಮನೆಯಲ್ಲಿ ಕೆಲಸವಿರುವುದಿಲ್ಲ.

ಬೀದಿಬೆಕ್ಕಿಗೆ ಆಪರೇಷನ್ ಮಾಡುವಾಗ ಅರಿವಳಿಕೆಯಲ್ಲಿದ್ದಂತೆಯೇ ಎಡಗಿವಿಯ ತುದಿಯನ್ನು ಒಂದಿಷ್ಟು ನೇರವಾಗಿ ಕತ್ತರಿಸುವ ಪದ್ಧತಿ ಹಲವು ದೇಶಗಳಲ್ಲಿದೆ. ಹಾಗೆ ಗುರುತು ಮಾಡಿಸಿ, ಚೇತರಿಸಿಕೊಂಡ ಮೇಲೆ ಹಿಡಿದ ಬೀದಿಯಲ್ಲೇ ಬಿಡಬೇಕು. ಕಾಂಪೌಂಡಿನ ಮೇಲೆ ಕೂತ ಬೆಕ್ಕಿನ ಕಿವಿ ಮೊಂಡಾಗಿದೆಯೇ ಎಂದು ದೂರದಿಂದಲೇ ಕಾಣುತ್ತದೆ. ಅಂಥದ್ದು ಎರಡನೇ ಸಲ ಬೋನಿಗೆ ಬಿದ್ದರೆ ಬಾಗಿಲು ತೆರೆದು ಬಿಟ್ಟುಬಿಟ್ಟರಾಯಿತು.